ನುಂಗಿದ ಉಸಿರು

ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ
ತೊಗರಿ ಬೇಳೆಯ ಮಿಲ್ಲು ದಾಟಿದರೆ ನಮ್ಮ ಶೆಡ್ಡು.
ಕುಲುಮೆಯ ಬಾಯಿಗೆ ದಿನಾ ಬೀಳುತ್ತವೆ
ನೆಗ್ಗಿದ ಜರ್ಮನ್ ಬೋಗಾಣಿ, ಸ್ಕೂಟರಿನ ಎದೆಗೂಡು,
ಕಿಟಕಿಯ ಚೌಕಟ್ಟು, ಯಾರದೋ ಮದುವೆಯ
ಹೆಸರು ಕೊರೆದ ತಾಟು.
ಚಿ. ಸೌ. ಅಂತ ಓದುವಷ್ಟರಲ್ಲಿ
ಉಳಿದದ್ದು ಬೆಳ್ಳಗೆ ಜಾರಿ ಹೋಗಿರುತ್ತದೆ.

ಕರಗಿದ ಲೋಹ ನೋಡಲಿಕ್ಕೆ ಶಾಂತ.
ಮಳೆಗಾಲದ ಹಸಿ ಗಾಳಿಯಿಂದ
ಉಸಿರು ಕದ್ದು ಕುಡಿದದ್ದು ಹೊರಗೆ ತೋರಿಸುವುದಿಲ್ಲ.
ಆರುವಾಗ ಬಿಡಲು ದಾರಿ ಸಿಗದೆ
ಅಲ್ಲಲ್ಲೇ ಸೂಜಿಮೊನೆಯ ತೂತಾಗಿ ಕೂರುತ್ತದೆ.
ಜಹೀರಾಬಾದಿನಿಂದ ಪಂಪಿನ ಡಬ್ಬಿಗಳು ವಾಪಸು ಬಂದವು,
ಒಂದು ಟೆಂಪೋ ತುಂಬ.
ಚೀಟಿಯ ಮೇಲೆ ಒಂದೇ ಮಾತು: ಸೋರ್ತದ.

ಸಾಹುಕಾರರು ನನ್ನ ಮುಖ ನೋಡಿದರು.
ಓದಿದ ಕಾಲೇಜಿನ ಬಾಗಿಲು ಬಡಿದು
ಕಡ ತಂದೆ: ಒಂದು ಪೆಟ್ಟಿಗೆ, ಒಂದು ವೈರು,
ಮೊಣಕೈ ಉದ್ದದ ಟೈಟಾನಿಯಂ ಕೊಂಬು.
ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ ನಡುಗತದ, ಅಂದೆ.
ಎರಕದ ಖಮರ್ ಚಾಚಾ
ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು,
"ಸ್ಕ್ಯಾನಿಂಗ್ ಮಷಿನ್ ಏನ್ರೀ ಇಂದುಬಾಯಿ?
ಹಂಗಾದ್ರ ಬೋರ್ಡ್ ಹಾಕ್ರಿ,
ಗಂಡೋ ಹೆಣ್ಣೋ ಇಲ್ಲಿ ಹೇಳಂಗಿಲ್ಲ ಅಂತ."
ಶೆಡ್ಡು ನಕ್ಕಿತು. ನಾನೂ.

ಮೊದಲ ದಿನ ಕೊಂಬನ್ನು ತಣ್ಣಗೇ ಇಳಿಸಿದೆ.
ಲೋಹ ಅದರ ಮೈಗೆ ಹತ್ತಿ ಕಲ್ಲಾಯಿತು,
ಪೆಟ್ಟಿಗೆಯ ದೀಪ ಆರಿತು.
ಯಾರೂ ಏನೂ ಅನ್ನಲಿಲ್ಲ. ಅದು ಇನ್ನೂ ಕೆಟ್ಟದ್ದು.
ಊಟದ ಹೊತ್ತಿಗೆ ಚಾಚಾ ರೊಟ್ಟಿ ಮುರಿಯುತ್ತ,
ನನ್ನ ಕಡೆ ನೋಡದೆ:
"ಕಾಸಿದ ತುಪ್ಪದಾಗ ಥಂಡಿ ಚಮಚ ಇಟ್ರ
ತುಪ್ಪ ಚಮಚಕ್ಕೇ ಹತ್ತತದ.
ಅದಕ್ಕೂ ಒಂದೀಟು ಬೆಚ್ಚಗ ಮಾಡ್ರಿ ಮೊದ್ಲ."
ನಾನು ಓದಿದ ಪುಟದಲ್ಲೂ ಇದೇ ಇತ್ತು.
ತುಪ್ಪ ಇರಲಿಲ್ಲ, ಅದಕ್ಕೇ ದಾಟಿ ಹೋಗಿದ್ದೆ.

ಮರುದಿನ ಕೊಂಬು ಕುಲುಮೆಯ ದಂಡೆಯಲ್ಲಿ
ಅರ್ಧ ತಾಸು ಕಾಯಿಸಿಕೊಂಡಿತು.
ಏಳುನೂರಿಪ್ಪತ್ತು ಡಿಗ್ರಿ. ಗುಂಡಿ ಒತ್ತಿದೆ.
ಕೊಂಬಿನ ಬುಡದಲ್ಲಿ ಚುರ್ ಅಂದದ್ದು ಬಿಟ್ಟರೆ
ಏನೂ ಕೇಳಲಿಲ್ಲ.
ಹೊರಗೆ ಬೂದಿಗುಡ್ಡೆಯ ಮೇಲೆ ಮಲಗಿದ್ದ ನಾಯಿ
ಕಿವಿ ನಿಗುರಿಸಿ ಎದ್ದು
ಮಿಲ್ಲಿನ ಕಡೆಗೆ ಹೊರಟೇ ಹೋಯಿತು.
ನಾವು ಎಂಟು ಜನ, ಕಿವಿಯಿದ್ದೂ,
ನಾಯಿಯನ್ನು ನಂಬಬೇಕಾಯಿತು.

ಆಮೇಲೆ ಮೇಲೊಂದು ಗುಳ್ಳೆ.
ನಾಲ್ಕು. ಅಲ್ಲಿಂದ ಎಣಿಕೆ ತಪ್ಪಿತು.
ಇಷ್ಟು ದಿನ ನುಂಗಿಟ್ಟದ್ದನ್ನು
ಲೋಹ ಬಿಡುತ್ತಿತ್ತು,
ಅತ್ತು ಮುಗಿಸಿದ ಮಗು ಬಿಕ್ಕುವ ಹಾಗೆ.

ಚಾಚಾನ ಎಡಗಿವಿ ಮೂವತ್ತು ವರ್ಷದ ಬ್ಲೋವರಿಗೆ ಹೋಗಿದೆ.
ಅವರಪ್ಪ ಬಿದರಿ ಹೂಜಿಯವರು,
ಕೋಟೆಯ ಮಣ್ಣನ್ನು ನಾಲಿಗೆಗಿಟ್ಟು ಹೇಳುತ್ತಿದ್ದರಂತೆ
ಕಪ್ಪು ಹತ್ತೀತೋ ಇಲ್ಲವೋ.
ಮಗ ಉಳಿದ ಬಲಗಿವಿಯ ಹತ್ತಿರ
ಡಬ್ಬಿಯನ್ನು ಬೆರಳಿನಿಂದ ಬಡಿದು ಹೇಳುತ್ತಾರೆ.
ನನಗೆ ನಾಲಿಗೆಯೂ ಇಲ್ಲ, ಕಿವಿಯೂ ಇಲ್ಲ,
ಒಂದು ಪೆಟ್ಟಿಗೆ ಇದೆ, ಕಡದ್ದು.

ಎರಡು ತುಂಡು ಕೊಯ್ದು, ಉಜ್ಜಿ, ಆಮ್ಲ ಸವರಿ ಬಿಸಿಲಿಗಿಟ್ಟೆವು.
ಹಳೆಯದರ ಹರಳು ಉಪ್ಪಿಟ್ಟಿನ ರವೆ,
ಹೊಸದು ಸಣ್ಣಗೆ ಬೀಸಿದ ಜೋಳದ ಹಿಟ್ಟು.
ಚಾಚಾ ಹೆಬ್ಬೆಟ್ಟು ಆಡಿಸಿ ನೋಡಿದರು,
ಬಡಿದರು, ಇನ್ನೊಮ್ಮೆ ಬಡಿದರು,
ಬೀಡಿ ಹಚ್ಚಿದರು. ಅಷ್ಟೇ.

ಹನ್ನೆರಡರಲ್ಲಿ ಹನ್ನೊಂದು ನೀರು ಹಿಡಿದವು.
ಹನ್ನೆರಡನೆಯದು ಮತ್ತೆ ಕುಲುಮೆಗೆ,
ಬೋಗಾಣಿಗಳ ಪಕ್ಕಕ್ಕೆ.

ಸಂಜೆ ನಾಯಿ ವಾಪಸು ಬಂತು.
ಬೂದಿಯ ಮೇಲೆ ಸುತ್ತು ಹಾಕಿತು, ಕೂರಲಿಲ್ಲ,
ಮೊದಲು ನನ್ನ ಕೈ ಎಲ್ಲಿದೆ ಅಂತ ನೋಡಿತು.